‘ಎಂಬಸಿ ಐತಲ್ಲ’ ಎನ್ನುವ ಮೊದಲು

ಕಳೆದ ದೀಪಾವಳಿ ರಜೆಯಲ್ಲಿ ಹಿರೇಕೆರೂರಿನ ನಮ್ಮ ದೊಡ್ಡವ್ವನ ಮಗ ಹೊಸ ಪಾಸ್‌ಪೋರ್ಟ್ ತೋರಿಸಿದ. ಒಮಾನ್ ದೇಶದ ಸಲಾಲಾ ಎಂಬ ಊರಲ್ಲಿ ಕೆಲಸವಂತೆ. ಏಜೆಂಟರಿಗೆ ಮುಂಗಡವನ್ನೂ ಕೊಟ್ಟಾಗಿತ್ತು. ‘ಅಲ್ಲೋ ಅಣ್ಣ, ಅಲ್ಲಿ ಏನಾದ್ರೂ ಆದ್ರ ಯಾರ್ನ ಕೇಳ್ತೀ?’ ಎಂದೆ. ‘ಎಂಬಸಿ ಐತಲ್ಲೋ, ಅವ್ರು ನೋಡ್ಕೋತಾರ’ ಎಂದು ನಕ್ಕ. ಆ ಎಂಬಸಿ ಇರುವುದು ಯಾವ ಊರಲ್ಲಿ ಎಂದು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹಾವೇರಿ ಜಿಲ್ಲೆಯವರಾದ ನಮಗೆ ಈ ವಿಷಯ ಗೊತ್ತಿಲ್ಲದೆ ಇರಬಾರದಿತ್ತು. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್ ನಗರದಲ್ಲಿ ಊಟದ ಸಾಮಾನು ತರಲು ಹೊರಗೆ ಹೋಗಿದ್ದ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಗ್ಯಾನಗೌಡರ ಶೆಲ್ ದಾಳಿಗೆ ಬಲಿಯಾದರು. ವೈದ್ಯಕೀಯ ಕೋರ್ಸಿನ ನಾಲ್ಕನೇ ವರ್ಷದಲ್ಲಿದ್ದರು. ಮಾರ್ಚ್ 21ರಂದು ಅವರ ಪಾರ್ಥಿವ ಶರೀರ ಬೆಂಗಳೂರಿಗೆ ಬಂದಾಗ ವಿಮಾನ ನಿಲ್ದಾಣದಲ್ಲಿ ಬರಮಾಡಿಕೊಂಡವರು ನಮ್ಮ ಶಿಗ್ಗಾವಿ ಕ್ಷೇತ್ರದಿಂದಲೇ ಆಯ್ಕೆಯಾಗಿ ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ. ಡಾಕ್ಟರ್ ಆಗಬೇಕಿದ್ದ ಮಗನ ದೇಹವನ್ನು ಕುಟುಂಬದವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು.

ನಾನಾಗ ಪಿಯುಸಿ ಮೊದಲ ವರ್ಷದಲ್ಲಿದ್ದೆ. ಹಾನಗಲ್ಲಿನ ಬಸ್‌ ನಿಲ್ದಾಣದಲ್ಲಿ, ಸವಣೂರಿನ ಸಂತೆಯಲ್ಲಿ ಎಲ್ಲ ಕಡೆ ಒಂದೇ ಪ್ರಶ್ನೆ: ‘ಅಲ್ಲಿ ನಮ್ಮ ಎಂಬಸಿ ಏನ್ ಮಾಡಾಕತ್ತಿತ್ತು?’ ಸಿಟ್ಟಿನಲ್ಲಿ ಕೇಳಿದರೂ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ರಾಯಭಾರ ಕಚೇರಿಯ ಕೆಲಸವೇನು ಎಂಬುದನ್ನು ಮೊದಲು ತಿಳಿಯಬೇಕು.

ಉಕ್ರೇನ್ ಸೋವಿಯತ್ ಒಕ್ಕೂಟದಿಂದ ಬೇರೆಯಾದಾಗ ಭಾರತ 1991ರ ಡಿಸೆಂಬರ್‌ನಲ್ಲಿ ಅದಕ್ಕೆ ಮಾನ್ಯತೆ ನೀಡಿತು. 1992ರ ಜನವರಿಯಲ್ಲಿ ರಾಜತಾಂತ್ರಿಕ ಸಂಬಂಧ ಆರಂಭವಾಯಿತು, ಅದೇ ಮೇ ತಿಂಗಳಲ್ಲಿ ರಾಜಧಾನಿ ಕೀವ್‌ನಲ್ಲಿ ಭಾರತದ ರಾಯಭಾರ ಕಚೇರಿ ತೆರೆಯಿತು. ಮರುವರ್ಷ ಉಕ್ರೇನ್ ದೆಹಲಿಯಲ್ಲಿ ತನ್ನ ಕಚೇರಿ ತೆರೆಯಿತು. ಅದಕ್ಕೂ ಮೊದಲೇ, ಸೋವಿಯತ್ ಕಾಲದಲ್ಲಿ, ಒಡೆಸ್ಸಾ ಬಂದರಿನಲ್ಲಿ ನಮ್ಮದೊಂದು ಕಾನ್ಸುಲೇಟ್ ಇತ್ತು. 1999ರಲ್ಲಿ ಅದು ಮುಚ್ಚಿತು. ಆಮೇಲೆ ನಮ್ಮ ವಿದ್ಯಾರ್ಥಿಗಳ ಸಂಖ್ಯೆ ಬೆಳೆಯುತ್ತಾ ಹೋಯಿತು. ಯುದ್ಧದ ಹೊತ್ತಿಗೆ ಉಕ್ರೇನಿನಲ್ಲಿ ಸುಮಾರು 20 ಸಾವಿರ ಭಾರತೀಯರಿದ್ದರು, ಹೆಚ್ಚಿನವರು ವೈದ್ಯಕೀಯ ಓದುವವರು.

ರಾಯಭಾರ ಕಚೇರಿಗಳು ಏನು ಮಾಡಬೇಕು ಎಂಬುದನ್ನು 1961ರ ವಿಯೆನ್ನಾ ಒಪ್ಪಂದ ಹೇಳುತ್ತದೆ. ಭಾರತವೂ ಅದನ್ನು ಒಪ್ಪಿ 1972ರಲ್ಲಿ ಕಾಯ್ದೆ ಮಾಡಿದೆ. ಅದರ ಮೂರನೇ ವಿಧಿಯಲ್ಲಿ ಐದು ಕೆಲಸಗಳಿವೆ: ತನ್ನ ದೇಶವನ್ನು ಪ್ರತಿನಿಧಿಸುವುದು, ದೇಶದ ಮತ್ತು ಪ್ರಜೆಗಳ ಹಿತ ಕಾಯುವುದು, ಅಲ್ಲಿನ ಸರ್ಕಾರದೊಂದಿಗೆ ಮಾತುಕತೆ ನಡೆಸುವುದು, ಅಲ್ಲಿನ ಸ್ಥಿತಿಗತಿಯನ್ನು ಕಾನೂನುಬದ್ಧವಾಗಿ ತಿಳಿದು ವರದಿ ಮಾಡುವುದು, ಎರಡು ದೇಶಗಳ ಸ್ನೇಹ ಬೆಳೆಸುವುದು.

ಗಮನಿಸಿ, ಪ್ರಜೆಗಳನ್ನು ಕಾಯುವುದು ಮತ್ತು ಸ್ನೇಹ ಬೆಳೆಸುವುದು ಎರಡೂ ಒಂದೇ ಕಟ್ಟಡದ ಕೆಲಸ. ಶಾಂತಿಯ ದಿನಗಳಲ್ಲಿ ಇವೆರಡೂ ಒಟ್ಟಿಗೆ ಸಾಗುತ್ತವೆ. ಯುದ್ಧದ ಮೋಡ ಕವಿದಾಗ ಮಾತ್ರ ಒಂದನ್ನೊಂದು ಎಳೆಯುತ್ತವೆ. ‘ಈ ದೇಶ ಬಿಟ್ಟು ಓಡಿ’ ಎಂದು ಜೋರಾಗಿ ಹೇಳಿದರೆ ಅತಿಥೇಯ ಸರ್ಕಾರಕ್ಕೆ ಮುಜುಗರ. ಆ ದಿನಗಳಲ್ಲಿ ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿಯವರೇ ಜನ ಗಾಬರಿಯಾಗಬಾರದು ಎನ್ನುತ್ತಿದ್ದರು.

ಹೀಗಾಗಿ ರಾಯಭಾರ ಕಚೇರಿಯ ಮಾತು ಮೆತ್ತಗಿರುತ್ತದೆ. 2022ರ ಫೆಬ್ರುವರಿ 15ರ ಸೂಚನೆಯ ಸಾರ: ಇರಲೇಬೇಕಾದ ಅಗತ್ಯವಿಲ್ಲದವರು, ಮುಖ್ಯವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ಹೊರಡುವ ಬಗ್ಗೆ ಯೋಚಿಸಬಹುದು. 20ರಂದು ‘ಯೋಚಿಸಬಹುದು’ ಹೋಗಿ ‘ಹೊರಡಿ’ ಎಂಬ ಸಲಹೆ ಬಂತು. 22ರಂದು ಆನ್‌ಲೈನ್ ತರಗತಿಯ ಬಗ್ಗೆ ಕಾಲೇಜಿನ ಖಚಿತ ಮಾತಿಗೆ ಕಾಯದೆ ಹೊರಡಿ ಎಂದರು. 24ರ ಬೆಳಿಗ್ಗೆ ಯುದ್ಧ ಶುರುವಾಗಿ ವಿಮಾನ ಹಾರಾಟವೇ ನಿಂತಿತು. ಮೊದಲ ಸೂಚನೆಗೂ ಯುದ್ಧಕ್ಕೂ ನಡುವೆ ಇದ್ದದ್ದು ಬರೀ ಒಂಬತ್ತು ದಿನ.

ಕೀವ್‌ನ ಅಧಿಕಾರಿಗೆ ‘ಯೋಚಿಸಬಹುದು’ ಎಂಬುದು ಗಂಭೀರ ಎಚ್ಚರಿಕೆ. ಸಾಲ ಮಾಡಿ ಫೀಸು ಕಟ್ಟಿದ, ಹಾಜರಾತಿಗೆ ಹೆದರುವ ವಿದ್ಯಾರ್ಥಿಗೆ ಅದು ‘ಇನ್ನೂ ಸಮಯವಿದೆ’ ಎಂದು ಕೇಳಿಸುತ್ತದೆ. ಒಂದೇ ವಾಕ್ಯಕ್ಕೆ ಎರಡು ಅರ್ಥ. ನನ್ನ ಪ್ರಕಾರ ಆ ದಿನಗಳ ದೊಡ್ಡ ತೊಡಕು ಇದೇ.

ಇನ್ನೊಂದು ತೊಡಕು ದೂರದ್ದು. ಹಾರ್ಕಿವ್ ರಷ್ಯಾ ಗಡಿಯಿಂದ ಸುಮಾರು 40 ಕಿ.ಮೀ. ಮಾತ್ರ. ರಾಜಧಾನಿ ಕೀವ್ ಅಲ್ಲಿಂದ ಸುಮಾರು 480 ಕಿ.ಮೀ., ಅಂದರೆ ಹಾವೇರಿಯಿಂದ ಬೆಂಗಳೂರಿಗಿರುವ ದೂರಕ್ಕಿಂತಲೂ ಹೆಚ್ಚು. ‘ಆಪರೇಷನ್ ಗಂಗಾ’ದ ವಿಮಾನಗಳು ನಿಂತಿದ್ದು ಪಶ್ಚಿಮದ ಪೋಲೆಂಡ್, ರೊಮೇನಿಯಾ, ಹಂಗೇರಿ, ಸ್ಲೊವಾಕಿಯಾಗಳಲ್ಲಿ. ಒಟ್ಟು 90 ವಿಮಾನಗಳು ಹಾರಿದವು, ಸುಮಾರು 22,500 ಭಾರತೀಯರು ಮರಳಿದರು. ಇದು ಸಣ್ಣ ಸಾಧನೆಯಲ್ಲ. ಆದರೆ ಪೂರ್ವದ ತುದಿಯ ಹಾರ್ಕಿವ್‌ನಲ್ಲಿದ್ದವರು ಆ ಗಡಿಗಳನ್ನು ಮುಟ್ಟಲು ಸಾವಿರ ಕಿ.ಮೀ. ದಾಟಬೇಕಿತ್ತು. ತಕ್ಷಣ ಹಾರ್ಕಿವ್ ಬಿಡಿ ಎಂಬ ಕಟ್ಟುನಿಟ್ಟಿನ ಸೂಚನೆ ಬಂದದ್ದು ಮಾರ್ಚ್ 2ರಂದು, ನವೀನ್ ತೀರಿಕೊಂಡ ಮರುದಿನ. ಮುಂದೆ ರಾಯಭಾರ ಕಚೇರಿಯೇ ಕೆಲಕಾಲ ಪೋಲೆಂಡಿಗೆ ಸ್ಥಳಾಂತರವಾಗಿ, ಮೇ 17ರಿಂದ ಮತ್ತೆ ಕೀವ್‌ನಲ್ಲಿ ಕೆಲಸ ಆರಂಭಿಸಿತು.

ಪಾಠ ಕಲಿಯಲಿಲ್ಲವೇ? ಕಲಿತಂತೆ ಕಾಣುತ್ತದೆ. 2025ರ ಜೂನ್ 13ರಂದು ಇಸ್ರೇಲ್–ಇರಾನ್ ಸಂಘರ್ಷ ಶುರುವಾದಾಗ ಟೆಹ್ರಾನ್‌ನ ನಮ್ಮ ರಾಯಭಾರ ಕಚೇರಿ ನಾಲ್ಕೈದು ದಿನದೊಳಗೆ ವಿದ್ಯಾರ್ಥಿಗಳನ್ನು ರಾಜಧಾನಿಯಿಂದ ಹೊರಗೆ ಸಾಗಿಸಿತು. ಉತ್ತರ ಇರಾನ್‌ನಲ್ಲಿದ್ದ 110 ವಿದ್ಯಾರ್ಥಿಗಳನ್ನು ಅರ್ಮೇನಿಯಾ ದಾಟಿಸಿ 19ರಂದು ದೆಹಲಿಗೆ ತಲುಪಿಸಿತು. ಈ ಸಲ ಬರೀ ಸಲಹೆ ಕೊಟ್ಟು ಕೂರಲಿಲ್ಲ, ಬಸ್ಸನ್ನೂ ಕಳಿಸಿದರು.

ಹಾಗಂತ ಎಂಬಸಿ ಎಲ್ಲವನ್ನೂ ಮಾಡಲಾರದು. ರಾಯಭಾರ ಕಚೇರಿಯ ಜಾಗ ಭಾರತದ ನೆಲ ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ಅದು ತಪ್ಪು. ಅನುಮತಿ ಇಲ್ಲದೆ ಅಲ್ಲಿನ ಪೊಲೀಸರು ಒಳಗೆ ಬರುವಂತಿಲ್ಲ, ಅಷ್ಟೇ. ನೆಲ ಆ ದೇಶದ್ದೇ, ಕಾನೂನೂ ಆ ದೇಶದ್ದೇ. ಜೈಲಿನಲ್ಲಿರುವ ನಮ್ಮವರನ್ನು ಭೇಟಿಯಾಗಬಹುದು, ವಕೀಲರನ್ನು ಗೊತ್ತುಮಾಡಬಹುದು, ಬಿಡಿಸಿ ತರಲಾಗದು. ಕೆಲಸದ ಆಸೆಗೆ ರಷ್ಯಾಕ್ಕೆ ಹೋಗಿ ಯುದ್ಧಕ್ಕೆ ದೂಡಲ್ಪಟ್ಟ ಕಲಬುರಗಿಯ ಯುವಕರು 2024ರ ಸೆಪ್ಟೆಂಬರ್‌ನಲ್ಲಿ ಮನೆಗೆ ಬಂದರು. ಅದಕ್ಕೂ ಮೊದಲು ಜುಲೈನಲ್ಲಿ ಪ್ರಧಾನಿಯೇ ರಷ್ಯಾದ ಅಧ್ಯಕ್ಷರ ಮುಂದೆ ಇಂಥವರ ವಿಷಯ ಎತ್ತಬೇಕಾಯಿತು.

ಹಾಗಾದರೆ ನಾವೇನು ಮಾಡಬೇಕು? ಹೊರಡುವ ಮೊದಲು ಏಜೆಂಟರು ನೋಂದಾಯಿತರೇ ಎಂದು ಸರ್ಕಾರದ ಇ–ಮೈಗ್ರೇಟ್ ತಾಣದಲ್ಲಿ ನೋಡಬೇಕು. ಓದಲು ಹೋಗುವವರು ‘ಮದದ್’ ಪೋರ್ಟಲ್‌ನಲ್ಲಿ ಹೆಸರು ಬರೆಸಬೇಕು. ಅಲ್ಲಿ ಇಳಿದ ಮೇಲೆ ವಿಳಾಸ, ಫೋನ್ ನಂಬರನ್ನು ರಾಯಭಾರ ಕಚೇರಿಗೆ ತಿಳಿಸಬೇಕು. ಪಟ್ಟಿಯಲ್ಲಿ ಹೆಸರಿಲ್ಲದವನನ್ನು ಯಾವ ಅಧಿಕಾರಿ ಹುಡುಕಿಯಾನು? 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, ಸಂಕಷ್ಟದಲ್ಲಿರುವ ಬಡವರ ಮರಳುವ ಖರ್ಚಿಗೆ, ಕಾನೂನು ನೆರವಿಗೆ ಅದರಿಂದ ಹಣ ಸಿಗುತ್ತದೆ ಎಂಬುದೂ ತಿಳಿದಿರಲಿ. ಎಲ್ಲಕ್ಕಿಂತ ಮುಖ್ಯ, ರಾಯಭಾರ ಕಚೇರಿ ‘ಯೋಚಿಸಬಹುದು’ ಎಂದ ದಿನವೇ ಬ್ಯಾಗ್ ಕಟ್ಟಬೇಕು.

ಸರ್ಕಾರಕ್ಕೂ ಒಂದು ಮಾತು. ಅಂಥ ಸೂಚನೆಗಳು ಕನ್ನಡದಲ್ಲೂ ಬರಲಿ, ನೇರವಾಗಿ ಬರಲಿ. ಮಗನಿಗೆ ‘ಬಂದ್ಬಿಡಪಾ’ ಎಂದು ಫೋನ್ ಮಾಡಬೇಕಾದವರು ಹಳ್ಳಿಯಲ್ಲಿರುವ ಅಪ್ಪ ಅವ್ವ.

ಅಣ್ಣ ಮುಂದಿನ ತಿಂಗಳು ಹೊರಡುತ್ತಾನೆ. ಸಲಾಲಾದಿಂದ ಎಂಬಸಿ ಇರುವ ಮಸ್ಕತ್‌ಗೆ ಸುಮಾರು ಸಾವಿರ ಕಿ.ಮೀ. ಎಂದು ಇಬ್ಬರೂ ನಕ್ಷೆಯಲ್ಲಿ ನೋಡಿದೆವು. ಈ ಸಲ ಅವನು ನಗಲಿಲ್ಲ. ನಂಬರನ್ನು ಮೊಬೈಲಿನಲ್ಲಿ ಸೇವ್ ಮಾಡಿಕೊಂಡ, ದೊಡ್ಡವ್ವ ಅದನ್ನೇ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಸಿಕೊಂಡಳು.