ಲಿನಕ್ಸಿನ ಅಂಗಳದಲ್ಲಿ ಆಟ

2025ನೆಯ ಇಸವಿಯ ಅಕ್ಟೋಬರ್ 14ರಂದು ಮೈಕ್ರೊಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಎಲ್ಲ ಯಂತ್ರಗಳಲ್ಲಿಯೂ ನೆಲೆಸಲೊಲ್ಲದು, ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗವೂ ಹೊಸ ಪೀಳಿಗೆಯ ಸಂಸ್ಕಾರಕವೂ ಇರಲೇಬೇಕೆಂದು ಅದು ವಿಧಿಸುತ್ತದೆ. ಹೀಗಾಗಿ ಏನೊಂದೂ ಕೆಡದ, ಇನ್ನೂ ಹಲವು ವರ್ಷ ದುಡಿಯಬಲ್ಲ ಎಷ್ಟೋ ಗಣಕಯಂತ್ರಗಳಿಗೆ ಅಕಾಲದಲ್ಲಿ ಮುಪ್ಪು ಬಂದಂತಾಯಿತು. ಅಂಥ ಯಂತ್ರವಿರುವ ಮನೆಗೆ ಬಂದ ತಿಳಿದವರೊಬ್ಬರು, “ಲಿನಕ್ಸ್ ಹಾಕಿಕೊಳ್ಳಿ, ಕಾಸು ಖರ್ಚಿಲ್ಲ” ಎಂದು ಸಲಹೆ ಮಾಡುವುದುಂಟು. ಪತ್ರ ಬರೆಯುವುದು, ಲೆಕ್ಕ ಇಡುವುದು, ಚಲನಚಿತ್ರ ನೋಡುವುದು ಎಲ್ಲವೂ ಅದರಲ್ಲಿ ಸಾಧ್ಯವೆಂದು ಕೇಳಿ ಹಿರಿಯರು ಒಪ್ಪುತ್ತಾರೆ. ತಕರಾರು ಹುಟ್ಟುವುದು ಕಿರಿಯರಿಂದ: “ಅದರಲ್ಲಿ ನನ್ನ ಆಟ ನಡೆಯುತ್ತದೆಯೇ?”

ಮಕ್ಕಳ ಪ್ರಶ್ನೆಯೆಂದು ನಕ್ಕು ಸುಮ್ಮನಾಗುವಂತಿಲ್ಲ. ಈ ಪ್ರಶ್ನೆಯ ಹಿಂದೆ ಮೂವತ್ತು ವರ್ಷಗಳ ಇತಿಹಾಸವಿದೆ. ಹಣ ತೆತ್ತು ಮನೆಗೆ ತಂದ ಯಂತ್ರಕ್ಕೆ ಒಡೆಯರು ಯಾರೆಂಬ ಗಂಭೀರವಾದ ವಿಚಾರವೂ ಅದರೊಳಗೆ ಅಡಗಿದೆ.

ಲಿನಕ್ಸಿನ ಜನಕರಾದ ಲೀನಸ್ ಟೋರ್ವಾಲ್ಡ್ಸ್ ಫಿನ್ಲೆಂಡಿನವರು. 1991ರಲ್ಲಿ ಅವರು ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದರು. ಆ ವರ್ಷದ ಆರಂಭದಲ್ಲಿ ಹೊಸ ಯಂತ್ರವೊಂದನ್ನು ಕೊಂಡು, ಮಿನಿಕ್ಸ್ ಎಂಬ ವ್ಯವಸ್ಥೆಯ ಪ್ರತಿ ಕೈಸೇರುವ ತನಕ ಪ್ರಿನ್ಸ್ ಆಫ್ ಪರ್ಷಿಯಾ ಎಂಬ ಆಟವನ್ನು ಆಡುತ್ತ ಕಾಲ ಕಳೆದರಂತೆ. ಅದೇ ಆಗಸ್ಟ್ 25ರಂದು, ತಾವು ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುತ್ತಿರುವುದಾಗಿ ಜಗತ್ತಿಗೆ ತಿಳಿಸಿದರು. ಯಾರು ಬೇಕಾದರೂ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ಆ ತಂತ್ರಾಂಶ ಇಂದು ಜಗತ್ತಿನ ಮಹಾಗಣಕಗಳಲ್ಲಿಯೂ, ಆಂಡ್ರಾಯ್ಡ್ ದೂರವಾಣಿಗಳ ತಿರುಳಿನಲ್ಲಿಯೂ ಕೆಲಸ ಮಾಡುತ್ತಿದೆ. ಆದರೆ ಮನೆಯ ಮೇಜಿನ ಮೇಲೆ, ಅದರಲ್ಲಿಯೂ ಆಟದ ಅಂಗಳದಲ್ಲಿ, ಅದು ಬಹುಕಾಲ ಹೊರಗಿನವನಾಗಿಯೇ ಉಳಿಯಿತು.

ಕಾರಣವು ಕಠಿಣವಾದುದೇನಲ್ಲ. ಒಂದು ಆಟವು ಪರದೆಯ ಮೇಲೆ ಮರವನ್ನೋ ಮನುಷ್ಯನನ್ನೋ ಬಿಡಿಸಬೇಕಾದರೆ ಕಾರ್ಯಾಚರಣ ವ್ಯವಸ್ಥೆಗೆ ಕ್ಷಣಕ್ಷಣಕ್ಕೂ ಅಪ್ಪಣೆಗಳನ್ನು ಕೊಡಬೇಕು. ವಿಂಡೋಸಿಗಾಗಿ ರಚಿತವಾದ ಆಟಗಳು ಈ ಅಪ್ಪಣೆಗಳನ್ನು ಬಹುಮಟ್ಟಿಗೆ ಡೈರೆಕ್ಟ್ ತ್ರೀಡಿ ಎಂಬ, ಮೈಕ್ರೊಸಾಫ್ಟಿನದೇ ಆದ ಭಾಷೆಯಲ್ಲಿ ಕೊಡುತ್ತವೆ. ಲಿನಕ್ಸಿಗೆ ಆ ಭಾಷೆ ತಿಳಿಯದು. ಆಟವನ್ನು ಲಿನಕ್ಸಿನ ಭಾಷೆಗೆ ಮತ್ತೆ ಬರೆಯಬೇಕೆಂದರೆ ಶ್ರಮವೂ ಹಣವೂ ಬೇಕು; ಕೊಳ್ಳುವವರು ಬೆರಳೆಣಿಕೆಯವರಾದರೆ ಯಾವ ವರ್ತಕನು ಆ ಸಾಹಸಕ್ಕೆ ಕೈ ಹಾಕುವನು?

ಕೈ ಹಾಕಿದವರು ಇಲ್ಲದಿರಲಿಲ್ಲ. ಅಮೆರಿಕದಲ್ಲಿ 1998ರಲ್ಲಿ ಸ್ಥಾಪನೆಯಾದ ಲೋಕಿ ಎಂಬ ಸಂಸ್ಥೆಯು ಹೆಸರಾಂತ ಆಟಗಳನ್ನು ಲಿನಕ್ಸಿಗೆ ಒಗ್ಗಿಸಿ ಮಾರತೊಡಗಿತು. 1999ರಲ್ಲಿ ಹೊರಬಂದ ಸಿವಿಲೈಸೇಷನ್: ಕಾಲ್ ಟು ಪವರ್ ಅದರ ಮೊದಲ ಕೊಡುಗೆ. ಆದರೆ ವ್ಯಾಪಾರ ಕುದುರಲಿಲ್ಲ; 2002ರ ಜನವರಿಯಲ್ಲಿ ಅಂಗಡಿಯ ಬಾಗಿಲು ಮುಚ್ಚಿತು. ಹಾಗೆಂದು ಅದರ ದುಡಿಮೆ ವ್ಯರ್ಥವಾಯಿತೆನ್ನುವಂತಿಲ್ಲ. ಅಲ್ಲಿ ಕೆಲಸ ಮಾಡಿದ ಸ್ಯಾಮ್ ಲಂಟಿಂಗಾ ಅವರು ರಚಿಸಿದ ಎಸ್.ಡಿ.ಎಲ್. ಎಂಬ ಉಪಕರಣವು ಎಲ್ಲರಿಗೂ ಮುಕ್ತವಾಗಿತ್ತು. ಆಟಗಳನ್ನು ಕಟ್ಟುವವರು ಅದನ್ನು ಇಂದಿಗೂ ಬಳಸುತ್ತಿದ್ದಾರೆ.

ಇನ್ನೊಂದು ದಾರಿಯೂ ಇತ್ತು. ಆಟವನ್ನು ಮತ್ತೆ ಬರೆಯುವುದಕ್ಕೆ ಬದಲಾಗಿ ಒಬ್ಬ ದುಭಾಷಿಯನ್ನು ನಡುವೆ ನಿಲ್ಲಿಸುವುದು! ವಿಂಡೋಸಿನ ಮಾತನ್ನು ಆಟವು ಆಡಲಿ. ದುಭಾಷಿಯು ಅದನ್ನು ನಿಂತ ನಿಲುವಿನಲ್ಲಿಯೇ ಲಿನಕ್ಸಿಗೆ ತಿಳಿಯುವಂತೆ ಹೇಳಲಿ. 1993ರಲ್ಲಿ ಪ್ರಾರಂಭವಾದ ವೈನ್ ಎಂಬ ಯೋಜನೆಯ ಸಾರಾಂಶ ಇದೇ. ಅದರ 1.0 ಆವೃತ್ತಿ ಸಿದ್ಧವಾಗಲು 2008ನೆಯ ಇಸವಿಯವರೆಗೆ ಕಾಯಬೇಕಾಯಿತು. ಹದಿನೈದು ವರ್ಷಗಳ ಆ ತಪಸ್ಸಿನಲ್ಲಿ ಬಹು ಭಾಗ ಸ್ವಯಂಸೇವಕರದು. ವಿಂಡೋಸಿನ ಒಳಗುಟ್ಟುಗಳನ್ನು ಅವರಿಗೆ ಯಾರೂ ಬಿಚ್ಚಿ ಹೇಳಿರಲಿಲ್ಲ. ಹೊರಗಿನ ನಡವಳಿಕೆಯನ್ನು ಪರೀಕ್ಷಿಸಿ ಪರೀಕ್ಷಿಸಿ ಒಂದೊಂದು ಪದದ ಅರ್ಥವನ್ನೂ ಅವರೇ ಕಂಡುಕೊಂಡರು.

ಇಷ್ಟಾದರೂ ಆಟಗಾರರ ಭಾಗ್ಯ ತೆರೆದುದು ಒಬ್ಬ ದೊಡ್ಡ ವರ್ತಕನ ಭಯದಿಂದ. ವಾಲ್ವ್ ಸಂಸ್ಥೆಯು ಸ್ಟೀಮ್ ಎಂಬ ಮಳಿಗೆಯ ಮೂಲಕ ಗಣಕಯಂತ್ರದ ಆಟಗಳನ್ನು ಮಾರುತ್ತದೆ. ಅದರ ಸ್ಥಾಪಕರಲ್ಲೊಬ್ಬರಾದ ಗೇಬ್ ನ್ಯೂವೆಲ್ ಹಿಂದೆ ಮೈಕ್ರೊಸಾಫ್ಟಿನಲ್ಲಿಯೇ ದುಡಿದವರು. 2012ರಲ್ಲಿ ವಿಂಡೋಸ್ 8 ತನ್ನದೇ ಆದ ಮಳಿಗೆಯೊಂದಿಗೆ ಬರಲಿದ್ದಾಗ ಅವರು ಅದನ್ನು ಬಹಿರಂಗವಾಗಿ ಖಂಡಿಸಿದರು. ಬಾಡಿಗೆಯ ಮಳಿಗೆಯಲ್ಲಿ ವ್ಯಾಪಾರ ಮಾಡುವವನು, ಮಾಲೀಕನೇ ಪಕ್ಕದಲ್ಲಿ ಅಂಗಡಿ ತೆರೆಯುವುದನ್ನು ಕಂಡರೆ ಹೇಗೆ ಕಳವಳಗೊಳ್ಳುವನೋ ಅದೇ ಬಗೆಯ ಕಳವಳ! 2013ರ ಫೆಬ್ರವರಿಯಲ್ಲಿ ಸ್ಟೀಮ್ ಲಿನಕ್ಸಿಗೆ ಬಂದಿತು. 2015ರ ನವೆಂಬರಿನಲ್ಲಿ ಲಿನಕ್ಸ್ ಆಧಾರಿತವಾದ ಸ್ಟೀಮ್ ಮಷೀನುಗಳು ಪೇಟೆಗೆ ಬಂದವು. ಆದರೆ ಅವುಗಳ ಮೇಲೆ ನಡೆಯುವ ಆಟಗಳೇ ಸಾಲದೆ ಬೇಗನೆ ಮೂಲೆ ಸೇರಿದವು.

ಸೋಲಿನಿಂದ ಪಾಠ ದೊರೆಯಿತು. ನಿಯರ್: ಆಟೊಮಾಟ ಎಂಬ ಜಪಾನಿ ಆಟವನ್ನು ಲಿನಕ್ಸಿನಲ್ಲಿ ಆಡಬೇಕೆಂಬ ಹಂಬಲದಿಂದ ಫಿಲಿಪ್ ರೆಬೋಲೆ ಎಂಬವರು ಡೈರೆಕ್ಟ್ ತ್ರೀಡಿಯನ್ನು ವಲ್ಕನ್ ಎಂಬ ಮುಕ್ತ ಭಾಷೆಗೆ ತಿರುಗಿಸುವ ಡಿ.ಎಕ್ಸ್.ವಿ.ಕೆ. ತಂತ್ರಾಂಶವನ್ನು ಬರೆಯುತ್ತಿದ್ದರು. ವಾಲ್ವ್ ಅವರಿಗೆ ಸಂಬಳ ಗೊತ್ತುಮಾಡಿ, ಅವರ ರಚನೆಯನ್ನೂ ವೈನನ್ನೂ ಒಂದುಗೂಡಿಸಿ, 2018ರ ಆಗಸ್ಟಿನಲ್ಲಿ ಪ್ರೋಟಾನ್ ಎಂಬ ಹೆಸರಿನಿಂದ ಹೊರತಂದಿತು. 2022ರ ಫೆಬ್ರವರಿಯಲ್ಲಿ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಬಂದಿತು. ಅದರೊಳಗಿರುವುದು ಲಿನಕ್ಸೇ, ಕೊಂಡವರಲ್ಲಿ ಹಲವರಿಗೆ ಆ ಸಂಗತಿ ತಿಳಿಯುವ ಅಗತ್ಯವೇ ಬೀಳಲಿಲ್ಲ. ಸ್ಟೀಮ್ ನಡೆಸುವ ಮಾಸಿಕ ಗಣತಿಯಲ್ಲಿ ಲಿನಕ್ಸ್ ಬಳಕೆದಾರರ ಪಾಲು 2025ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಶೇಕಡಾ 3ನ್ನು ಮೀರಿತು. ಅಂಕಿ ಚಿಕ್ಕದು; ಶೇಕಡಾ 1ನ್ನೂ ಮುಟ್ಟದೆ ವರ್ಷಗಟ್ಟಲೆ ಬಿದ್ದಿದ್ದವರಿಗೆ ಅದು ಚಿಕ್ಕದಲ್ಲ.

ಹಾಗಾದರೆ ಎಲ್ಲವೂ ಸುಖಾಂತವೇ? ಅಲ್ಲ. ಒಬ್ಬರೇ ಕುಳಿತು ಆಡುವ ಆಟಗಳು ಇಂದು ಬಹುಪಾಲು ಲಿನಕ್ಸಿನಲ್ಲಿ ನಡೆಯುತ್ತವೆ. ತೊಡಕಿರುವುದು ದೂರದೂರದ ಆಟಗಾರರು ಅಂತರ್ಜಾಲದಲ್ಲಿ ಕೂಡಿ ಸ್ಪರ್ಧಿಸುವ ಆಟಗಳಲ್ಲಿ. ಅಲ್ಲಿ ಮೋಸಗಾರರ ಕಾಟ ಬಹಳ. ಮೋಸವನ್ನು ಹಿಡಿಯಲು ಕೆಲವು ಸಂಸ್ಥೆಗಳು ಕಾವಲು ತಂತ್ರಾಂಶವನ್ನು ಕಾರ್ಯಾಚರಣ ವ್ಯವಸ್ಥೆಯ ಗರ್ಭಗುಡಿಯಾದ ಕರ್ನೆಲ್ಲಿನಲ್ಲಿಯೇ ಕೂರಿಸುತ್ತವೆ. ಲಿನಕ್ಸಿನಲ್ಲಿ ಗರ್ಭಗುಡಿಯ ಬೀಗದ ಕೈ ಯಂತ್ರದ ಒಡೆಯನ ಕೈಯಲ್ಲಿಯೇ ಇರುವುದರಿಂದ ಅಂಥ ಕಾವಲುಗಾರನಿಗೆ ಅಲ್ಲಿ ನೆಮ್ಮದಿಯಿಲ್ಲ. 2024ರಲ್ಲಿ ಲೀಗ್ ಆಫ್ ಲೆಜೆಂಡ್ಸ್ ಆಟಕ್ಕೆ ವ್ಯಾನ್‌ಗಾರ್ಡ್ ಎಂಬ ಕಾವಲು ಬಂದೊಡನೆ, ವೈನಿನ ನೆರವಿನಿಂದ ಅದನ್ನು ಆಡುತ್ತಿದ್ದವರು ಹೊರಬಿದ್ದರು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಏಪೆಕ್ಸ್ ಲೆಜೆಂಡ್ಸ್ ಕೂಡ, ಲಿನಕ್ಸ್ ಮೋಸಗಾರರಿಗೆ ದಾರಿಯಾಗುತ್ತಿದೆಯೆಂದು ಹೇಳಿ ಬಾಗಿಲು ಹಾಕಿತು.

ಆಟದ ಸಂಸ್ಥೆಗಳ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಮೋಸ ತುಂಬಿದ ಪಂದ್ಯವನ್ನು ಯಾರೂ ಆಡಬಯಸುವುದಿಲ್ಲ. ಆದರೆ ಒಂದು ಮನೋರಂಜನೆಗಾಗಿ ಇಡೀ ಮನೆಯ ಬೀಗದ ಕೈಯನ್ನು ಪರರಿಗೆ ಕೊಡಬೇಕೆ? ಆಟವಾಡುವ ಯಂತ್ರದಲ್ಲಿಯೇ ತಂದೆಯ ಬ್ಯಾಂಕಿನ ವ್ಯವಹಾರವೂ ತಾಯಿಯ ಕಚೇರಿಯ ಕಾಗದಗಳೂ ಇರುತ್ತವೆ. ಗರ್ಭಗುಡಿಯಲ್ಲಿ ಕುಳಿತವನು ತಪ್ಪಿದರೆ ಏನಾಗುವುದೆಂಬುದಕ್ಕೆ 2024ರ ಜುಲೈ 19 ನಿದರ್ಶನ. ಅಂದು ಆಟಕ್ಕೆ ಸಂಬಂಧವಿಲ್ಲದ, ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶದ ಒಂದು ದೋಷದಿಂದ, ಮೈಕ್ರೊಸಾಫ್ಟಿನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಸ್ತಬ್ಧವಾದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಡಬೇಕಾಯಿತು.

ಆದುದರಿಂದ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಸುವ ಮೊದಲು ಮನೆಯವರು ಮಕ್ಕಳ ಆಟಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು. ಒಂಟಿ ಆಟಗಳೇ ಹೆಚ್ಚಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಸ್ಪರ್ಧೆಯ ಆಟವೇ ಪ್ರಾಣವಾಗಿದ್ದರೆ ಮುನಿಸು ತಪ್ಪಿದ್ದಲ್ಲ. ಹಳೆಯ ಯಂತ್ರದ ಶಕ್ತಿಗೆ ಮೀರಿದ ಆಟವನ್ನು ಲಿನಕ್ಸೂ ಓಡಿಸಲಾರದೆಂಬುದನ್ನು ಮರೆಯಬಾರದು.

ಒಂದು ಶಂಕೆ ಉಳಿಯುತ್ತದೆ. ಒಬ್ಬ ವರ್ತಕನ ಹಿಡಿತದಿಂದ ಪಾರಾಗಲು ಇನ್ನೊಬ್ಬ ವರ್ತಕನ ಕೈ ಹಿಡಿದಂತಾಗಲಿಲ್ಲವೇ? ಹೌದು, ಸ್ಟೀಮ್ ಮಳಿಗೆಯು ಧರ್ಮಛತ್ರವಲ್ಲ. ಲಿನಕ್ಸಿನಿಂದ ಲಾಭವಿಲ್ಲವೆಂದು ಕಂಡರೆ ನಾಳೆ ವಾಲ್ವ್ ಕೈಬಿಡಬಹುದು. ಆದರೆ ವೈನ್, ಡಿ.ಎಕ್ಸ್.ವಿ.ಕೆ., ಪ್ರೋಟಾನ್ ಮೂರರ ಮೂಲಸಂಕೇತವೂ ಬಹಿರಂಗವಾಗಿದೆ. ಲೋಕಿಯ ಅಂಗಡಿ ಮುಚ್ಚಿದ ಮೇಲೆಯೂ ಎಸ್.ಡಿ.ಎಲ್. ಉಳಿದಂತೆ, ಈ ದುಭಾಷಿಗಳೂ ಉಳಿಯುವರು. ಅವರಿಗೆ ಹೊಸ ಮಾತುಗಳನ್ನು ಕಲಿಸುವ ಸ್ವಯಂಸೇವಕರು ಮಾತ್ರ ಬೇಕಾದೀತು.