ಗಣಿ ಮುಚ್ಚಿತು, ಹೊಣೆ ಮುಚ್ಚಿಲ್ಲ

ಚಿತ್ರದುರ್ಗ ನಗರದಿಂದ ಕೆಲವೇ ಕಿಲೋಮೀಟರ್ ದೂರದ ಇಂಗಳದಾಳ್ ಚಿಕ್ಕ ಊರು. ಅದರ ಚರಿತ್ರೆ ಮಾತ್ರ ಚಿಕ್ಕದಲ್ಲ. 250 ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಹರಿದ ಲಾವಾರಸವೇ ಇಲ್ಲಿನ ಬಂಡೆ. ಅದೇ ಬಗೆಯ ದಿಂಬಿನಾಕಾರದ ಲಾವಾಶಿಲೆಯನ್ನು ಸಮೀಪದ ಮರಡಿಹಳ್ಳಿಯಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಕಾಪಾಡಲಾಗಿದೆ. ಈ ಬಂಡೆಯೊಳಗಿನ ತಾಮ್ರವನ್ನು ಪೂರ್ವಿಕರು ಕೈಯಿಂದಲೇ ತೋಡಿದ್ದರು. ಕಳೆದ ಶತಮಾನದಲ್ಲಿ ಚಿತ್ರದುರ್ಗ ತಾಮ್ರ ಕಂಪನಿ ಇಲ್ಲಿ ಆಳದ ಗಣಿ ನಡೆಸಿತು. ಮುಂದೆ ಅದು ಹಟ್ಟಿ ಚಿನ್ನದ ಗಣಿ ಕಂಪನಿಯ ಪಾಲಾಯಿತು. ತಾಮ್ರ ಲಾಭ ತರದಾದಾಗ ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯ ಚಿನ್ನದ ಅದಿರು ಇಲ್ಲಿಗೆ ಬಂದಿತು. ತಾಮ್ರದ ಊರು ಚಿನ್ನದ ಊರಾಯಿತು. ಆ ಕೆಲಸವೂ ನಿಂತು ಎರಡು ದಶಕಗಳೇ ಸಂದಿವೆ.

ಚಿನ್ನ ಊರು ಬಿಟ್ಟು ಹೋಗುತ್ತದೆ, ಅರೆದ ಕಲ್ಲು ಊರಲ್ಲೇ ಉಳಿಯುತ್ತದೆ. ಒಂದು ಟನ್ ಅದಿರಿನಲ್ಲಿ ದೊರೆಯುವುದು ಕೆಲವೇ ಗ್ರಾಂ ಚಿನ್ನ. ಮಿಕ್ಕದ್ದೆಲ್ಲ ಹಿಟ್ಟಿನಂಥ ತ್ಯಾಜ್ಯ. ಗಂಧಕಯುಕ್ತ ಅದಿರಿನ ಪುಡಿಗೆ ಗಾಳಿ, ನೀರು ತಾಗಿದರೆ ಆಮ್ಲ ಹುಟ್ಟುತ್ತದೆ. ಆಮ್ಲವು ಲೋಹಗಳನ್ನು ಕರಗಿಸಿ ಹಳ್ಳಕ್ಕೂ ಬಾವಿಗೂ ಒಯ್ಯಬಲ್ಲದು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿನ ಸೈನೈಡ್ ದಿಬ್ಬಗಳ ದೂಳು ಬೇಸಿಗೆಯ ಗಾಳಿಯೊಂದಿಗೆ ಇಂದಿಗೂ ಮನೆಗಳಿಗೆ ನುಗ್ಗುತ್ತದೆ. ಮಳೆ ಕಡಿಮೆಯಿರುವ, ಕೊಳವೆಬಾವಿಯನ್ನೇ ನಂಬಿದ ನಮ್ಮ ಸೀಮೆಯಲ್ಲಿ ಒಂದು ಬಾವಿ ಕೆಟ್ಟರೆ ಬದಲಿ ಬಾವಿ ಸುಲಭಕ್ಕೆ ಸಿಗದು.

ಗಣಿ ಮುಚ್ಚುವಾಗ ನೆಲವನ್ನು ಹೇಗೆ ಬಿಟ್ಟುಹೋಗಬೇಕೆಂಬ ಯೋಜನೆಯನ್ನು ಕಾನೂನು 2003ರಲ್ಲಿ ಕಡ್ಡಾಯಗೊಳಿಸಿತು. ಹಳೆಯ ಗಣಿಗಳ ಊರುಗಳು ಅದಕ್ಕೂ ಮೊದಲೇ ಬೆಲೆ ತೆತ್ತಿದ್ದವು. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿದೆ. ಕುಡಿಯುವ ನೀರು ಮತ್ತು ಪರಿಸರ ಅದರ ಆದ್ಯತೆಗಳು. ಹೊಸದುರ್ಗ, ಹೊಳಲ್ಕೆರೆಗಳ ಕಬ್ಬಿಣದ ಗಣಿಗಳಿಂದ ಬರುವ ಈ ಹಣದ ಒಂದು ಪಾಲು ಮುಚ್ಚಿದ ಗಣಿಗಳ ಸುತ್ತಲಿನ ನೀರು, ಮಣ್ಣುಗಳ ಪರೀಕ್ಷೆಗೂ ಸಲ್ಲಬೇಕು. ಮುಂಗಾರಿಗೆ ಮೊದಲೊಮ್ಮೆ, ಅನಂತರವೊಮ್ಮೆ ಪರೀಕ್ಷೆ ನಡೆಯಲಿ. ಫಲಿತಾಂಶ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿರಲಿ. ಗ್ರಾಮಸಭೆ ಇದನ್ನು ನಿರ್ಣಯವಾಗಿ ಬರೆದು ಕಳುಹಿಸಬೇಕು.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಗಣಿಗಿಳಿದ ಹಿರಿಯರು ಇನ್ನೂ ನಮ್ಮ ನಡುವಿದ್ದಾರೆ. ಯಾವ ಕುಳಿ ಎಲ್ಲಿತ್ತು, ತ್ಯಾಜ್ಯವನ್ನು ಎಲ್ಲಿ ಸುರಿದರು, ಯಾವ ಹಳ್ಳದ ನೀರಿನ ಬಣ್ಣ ಬದಲಾಯಿತು ಎಂಬುದನ್ನು ಅವರಿಂದ ಕೇಳಿ ಬರೆದಿಡಿ. ಕಂಪನಿಯ ಕಡತಗಳಲ್ಲಿ ಟನ್ನುಗಳ ಲೆಕ್ಕವಿರುತ್ತದೆ. ಊರಿನ ಲೆಕ್ಕವನ್ನು ಊರೇ ಇಡಬೇಕು. ನಾಳೆ ಮತ್ತೊಂದು ಬೆಟ್ಟಕ್ಕೆ ಚಿನ್ನದ ಆಸೆ ಹೊತ್ತವರು ಬಂದಾಗ ನಮ್ಮ ಕೈಯಲ್ಲಿರಬೇಕಾದ ದಾಖಲೆ ಅದೇ.