ಹರಿಯಲೊಲ್ಲದ ಹುಡಿ

ಸುಗ್ಗಿಯ ದಿನಗಳಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಗೆ ಪಯಣಿಸಿದ ವಾಚಕರು ಕಣಗಳಲ್ಲಿ ಗೋವಿನಜೋಳದ ರಾಶಿಗಳನ್ನು ಕಂಡಿರಬಹುದು. ಕಾಳನ್ನು ಎಷ್ಟೇ ಸುರಿದರೂ ರಾಶಿಯ ಇಳಿಜಾರು ಒಂದು ಮಿತಿಗಿಂತ ಕಡಿದಾಗುವುದಿಲ್ಲ. ಮೇಲೆ ಬಿದ್ದ ಕಾಳು ಉರುಳಿ ಬುಡವನ್ನು ಸೇರುತ್ತದೆ, ರಾಶಿ ಅಗಲವಾಗುತ್ತದೆ, ಅಷ್ಟೆ. ಅದೇ ಕಾಳನ್ನು ಗಿರಣಿಯಲ್ಲಿ ನುಣ್ಣಗೆ ಬೀಸಿ ತಂದರೆ ಅದರ ಸ್ವಭಾವವೇ ಬೇರೆ. ಹಿಟ್ಟು ಡಬ್ಬಿಯಿಂದ ಹೆಂಟೆ ಹೆಂಟೆಯಾಗಿ ಬೀಳುತ್ತದೆ; ಒಂದು ಪಕ್ಕವನ್ನು ಕೈಯಿಂದ ಬಗೆದು ತೆಗೆದರೆ ಉಳಿದದ್ದು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ.

ನಾವು ನಿತ್ಯ ನುಂಗುವ ಮಾತ್ರೆಗೂ ಈ ಸಾಮಾನ್ಯ ಸಂಗತಿಗೂ ನಿಕಟವಾದ ಸಂಬಂಧವಿದೆ. ಮಾತ್ರೆಯನ್ನು ಒತ್ತುವ ಯಂತ್ರದಲ್ಲಿ ತಕ್ಕಡಿಯಿಲ್ಲವೆಂದರೆ ಹಲವರಿಗೆ ಆಶ್ಚರ್ಯವಾದೀತು. ಉಕ್ಕಿನ ಅಚ್ಚಿನಲ್ಲೊಂದು ಕುಳಿ. ಅದರೊಳಗೆ ಹುಡಿ ಬೀಳುತ್ತದೆ, ಮೇಲಣ ಹೆಚ್ಚುವರಿಯನ್ನು ಒಂದು ಪಟ್ಟಿ ಸವರಿ ತೆಗೆಯುತ್ತದೆ, ಮೇಲೊಂದು ಕೆಳಗೊಂದು ಪುಟ್ಟ ಒನಕೆಗಳು ಅದನ್ನು ಒತ್ತುತ್ತವೆ. 1843ರಲ್ಲಿ ವಿಲಿಯಂ ಬ್ರಾಕೆಡನ್ ಎಂಬ ಆಂಗ್ಲ ಚಿತ್ರಕಾರನು ಈ ಉಪಾಯಕ್ಕೆ ಪೇಟೆಂಟ್ ಪಡೆದನು. ಮಾತ್ರೆಯನ್ನು ತೂಗದೆ, ಸೇರಿನಲ್ಲಿ ಅಳೆದಂತೆ ಅಳೆಯುವ ಈ ತತ್ತ್ವ ಇಂದಿಗೂ ಬದಲಾಗಿಲ್ಲ. ಆದರೆ ಈಗಿನ ಯಂತ್ರ ಗಂಟೆಗೆ ಲಕ್ಷಕ್ಕೂ ಮಿಕ್ಕು ಮಾತ್ರೆಗಳನ್ನು ಒತ್ತುತ್ತದೆ. ಒಂದೊಂದು ಕುಳಿಯೂ ಕಣ್ಣೆವೆ ಇಕ್ಕುವಷ್ಟರಲ್ಲಿ ತುಂಬಬೇಕು. ಹುಡಿ ತಡವರಿಸಿದರೆ ಕುಳಿ ಅರೆಬರೆ ತುಂಬುತ್ತದೆ, ಮಾತ್ರೆ ಹಗುರವಾಗುತ್ತದೆ, ರೋಗಿಗೆ ಔಷಧ ಕಡಮೆಯಾಗುತ್ತದೆ.

ಇದು ಕ್ಷುಲ್ಲಕವಾದ ಮಾತಲ್ಲ. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯಕ್ಕೆ ಕೊಡುವ ಮಾತ್ರೆಯಲ್ಲಿ ಔಷಧವು ಅನೇಕ ವೇಳೆ ಕೇವಲ 50 ಮೈಕ್ರೋಗ್ರಾಂ ಇರುತ್ತದೆ. ಮಾತ್ರೆಯ ತೂಕ 100 ಮಿಲಿಗ್ರಾಂ ಎಂದಿಟ್ಟುಕೊಂಡರೆ ಔಷಧವಿರುವುದು 2000 ಪಾಲಿನಲ್ಲಿ ಒಂದು ಪಾಲು! ಉಳಿದುದೆಲ್ಲ ಅದನ್ನು ಹೊತ್ತು ತರುವ ವಾಹಕ. 1955ರಲ್ಲಿ ಮೊದಲು ಪ್ರಕಟವಾದ ಭಾರತೀಯ ಔಷಧಸಂಹಿತೆ ಇಂದು ಇದಕ್ಕೊಂದು ಕಟ್ಟುಪಾಡನ್ನು ವಿಧಿಸಿದೆ: 250 ಮಿಲಿಗ್ರಾಂ ಅಥವಾ ಅದಕ್ಕೂ ಭಾರವಾದ ಮಾತ್ರೆಗಳಲ್ಲಿ ಇಪ್ಪತ್ತನ್ನು ಒಂದೊಂದಾಗಿ ತೂಗಿದಾಗ, ಸರಾಸರಿಗಿಂತ ಶೇಕಡ 5ಕ್ಕಿಂತ ಹೆಚ್ಚು ವ್ಯತ್ಯಾಸವುಳ್ಳವು ಎರಡಕ್ಕಿಂತ ಹೆಚ್ಚಿರಕೂಡದು, ಯಾವೊಂದೂ ಶೇಕಡ 10ನ್ನು ಮೀರಕೂಡದು.

ಹಾಗಾದರೆ ಯಂತ್ರದ ನೆತ್ತಿಯ ಮೇಲಣ ಆಲಿಕೆಯಲ್ಲಿ ಹುಡಿಯನ್ನು ಇನ್ನಷ್ಟು ಎತ್ತರ ತುಂಬಿದರೆ ಸಾಲದೇ? ಸಾಲದು. ಹುಡಿ ನೀರಲ್ಲ. ಗೋಕಾಕದ ಜಲಪಾತದಲ್ಲಿ ಘಟಪ್ರಭೆ ಸುಮಾರು 170 ಅಡಿ ಧುಮುಕುತ್ತದೆ. ಆ ಎತ್ತರದ ನೀರನ್ನು ಕೊಳವೆಯಲ್ಲಿ ಹಿಡಿದರೆ ತಳದ ಒತ್ತಡ ಎತ್ತರಕ್ಕೆ ತಕ್ಕಂತೆ ಏರುತ್ತದೆ. ಕಾಳು, ಹುಡಿಗಳು ಹಾಗಲ್ಲವೆಂಬುದನ್ನು ಜರ್ಮನಿಯ ಯಾನ್ಸೆನ್ ಎಂಬ ಎಂಜಿನಿಯರು 1895ರಲ್ಲಿ ಧಾನ್ಯದ ಕಣಜಗಳ ಪ್ರಯೋಗದಿಂದ ತೋರಿಸಿದನು. ಭಾರದ ಬಹುಪಾಲನ್ನು ಕಣಜದ ಗೋಡೆಗಳೇ ಹೊತ್ತುಬಿಡುತ್ತವೆ. ಒಂದು ಎತ್ತರದ ಮೇಲೆ ಎಷ್ಟು ತುಂಬಿದರೂ ತಳಕ್ಕೆ ಅದರ ಅರಿವೇ ಇರದು. ಇನ್ನು ನುಣುಪಾದ ಹುಡಿಯಾದರೋ ಆಲಿಕೆಯ ಬಾಯಿಯ ಮೇಲೆ ಕಮಾನು ಕಟ್ಟಿಕೊಂಡು ಕುಳಿತುಬಿಡುತ್ತದೆ.

ಕಾರಣ ಸರಳವಾದ ಲೆಕ್ಕದಲ್ಲಿದೆ. ಕಣದ ಅಡ್ಡಳತೆಯನ್ನು ಹತ್ತರಲ್ಲೊಂದಕ್ಕೆ ಇಳಿಸಿದರೆ ಅದರ ತೂಕ ಸಾವಿರದಲ್ಲೊಂದಾಗುತ್ತದೆ. ಆದರೆ ನೆರೆಯ ಕಣಕ್ಕೆ ಅಂಟಿಕೊಳ್ಳುವ ಬಲ ಇಳಿಯುವುದು ಸುಮಾರು ಹತ್ತರಲ್ಲೊಂದಕ್ಕೆ ಮಾತ್ರ. ಕೆಳಗೆಳೆಯುವ ತೂಕ ಸೋಲುತ್ತದೆ, ಅಂಟು ಗೆಲ್ಲುತ್ತದೆ.

ಪರಿಹಾರವೂ ಇಲ್ಲಿಂದಲೇ ಹೊಳೆಯುತ್ತದೆ: ಹಿಟ್ಟನ್ನು ಮರಳಿ ಕಾಳಾಗಿಸುವುದು. ಔಷಧದ ಹುಡಿಗೆ ಗಂಜಿ ಬೆರೆಸಿ ನಾದಿ, ಜರಡಿಯಲ್ಲಿ ಒತ್ತಿ, ಒಣಗಿಸಿದರೆ ರವೆಯಂತಹ ಹರಳುಗಳಾಗುತ್ತವೆ. ಅವು ಸರಾಗವಾಗಿ ಹರಿಯುತ್ತವೆ. ಆ ಗಂಜಿಗೆ ಬಹುಕಾಲದಿಂದ ಬಳಸುತ್ತ ಬಂದಿರುವುದು ಗೋವಿನಜೋಳದ ಪಿಷ್ಟವನ್ನು. ಗೋಕಾಕದಲ್ಲಿಯೇ ಗೋವಿನಜೋಳದಿಂದ ಪಿಷ್ಟ ತೆಗೆಯುವ ದೊಡ್ಡ ಕಾರ್ಖಾನೆಯಿದೆ. ಹಿಂದೆ ರಿದ್ಧಿ ಸಿದ್ಧಿ ಎಂಬ ಕಂಪನಿಯದಾಗಿದ್ದ ಅದು ಈಗ 1933ರಲ್ಲಿ ಸ್ಥಾಪಿತವಾದ ಫ್ರಾನ್ಸಿನ ರೋಕೆಟ್ ಸಂಸ್ಥೆಗೆ ಸೇರಿದೆ. ಮಾತ್ರೆಗಳಿಗೆ ಬೇಕಾದ ವಾಹಕದ್ರವ್ಯಗಳ ತಯಾರಿಕೆಯಲ್ಲಿ ಈ ಸಂಸ್ಥೆ ಜಗತ್ತಿನ ಹಿರಿಯರ ಸಾಲಿನದು. ವಿನೋದವೆಂದರೆ, ಒಣಪಿಷ್ಟ ತಾನೇ ಹರಿಯಲೊಲ್ಲದ ಮೊಂಡುಹುಡಿ. ಗಂಜಿಯಾದಾಗ ಮಾತ್ರ ಅದು ಇತರರಿಗೆ ಹರಿಯುವ ಗುಣವನ್ನು ದಾನಮಾಡುತ್ತದೆ! ಅದನ್ನು ಮೊದಲೇ ಬೇಯಿಸಿ ಒಣಗಿಸಿಟ್ಟ ಪಕ್ವಪಿಷ್ಟವೂ ಈಗ ದೊರೆಯುತ್ತದೆ. ಅದರ ಹರಿವು ಹಸಿಪಿಷ್ಟಕ್ಕಿಂತ ಮೇಲು.

ಹರಿವನ್ನು ಹೆಚ್ಚಿಸಲು ಅತಿ ನುಣುಪಾದ ಸಿಲಿಕಾವನ್ನೂ, ಅಚ್ಚಿಗೆ ಅಂಟದಿರಲು ಮೆಗ್ನೀಸಿಯಂ ಸ್ಟಿಯರೇಟನ್ನೂ ಸೇರಿಸುವುದುಂಟು. ಎರಡೂ ಸಾಮಾನ್ಯವಾಗಿ ಶೇಕಡ ಒಂದರ ಆಸುಪಾಸಿನಲ್ಲಿ ಸಾಕು. ಹೆಚ್ಚು ಒಳ್ಳೆಯದೆಂದು ಸ್ಟಿಯರೇಟನ್ನು ಸುರಿದರೆ, ಇಲ್ಲವೆ ಬಹಳ ಹೊತ್ತು ಕಲಸಿದರೆ, ಆ ಜಿಡ್ಡು ಪ್ರತಿ ಕಣವನ್ನೂ ಆವರಿಸಿ ಮಾತ್ರೆ ಮೆತ್ತಗಾಗುತ್ತದೆ, ಹೊಟ್ಟೆಯಲ್ಲಿ ಬೇಗ ಕರಗುವುದಿಲ್ಲ. ಅತಿಯಾಗಿ ಹರಿಯುವ ಮಿಶ್ರಣಕ್ಕೆ ಬೇರೊಂದು ವ್ಯಾಧಿ. ಅವಲಕ್ಕಿ ಚೂಡಾದ ಡಬ್ಬಿಯನ್ನು ಕುಲುಕಿ ನೋಡಿರಿ: ಶೇಂಗಾ ಮೇಲೇರುತ್ತದೆ, ಖಾರದಹುಡಿ ತಳ ಸೇರುತ್ತದೆ. ಔಷಧದ ಸಣ್ಣ ಕಣಗಳು ಹೀಗೆ ತಳಕ್ಕಿಳಿದರೆ ಮೊದಲು ಒತ್ತಿದ ಮಾತ್ರೆಗೂ ಕಡೆಯದಕ್ಕೂ ತೂಕ ಒಂದೇ, ಗುಣ ಬೇರೆ. ಒತ್ತಡವನ್ನಳೆದು ಹಗುರಾದ ಮಾತ್ರೆಯನ್ನು ಹೊರದೂಡಬಲ್ಲ ಆಧುನಿಕ ಯಂತ್ರಕ್ಕೂ ಈ ದೋಷ ಕಾಣದು. ತೂಕದ ಕೊರತೆಗಿಂತ ಇದೇ ಹೆಚ್ಚು ಅಪಾಯಕರವೆಂದು ನಮ್ಮ ಅಭಿಪ್ರಾಯ.

ಹುಡಿಯ ಹರಿವನ್ನು ಮೊದಲೇ ಅರಿಯುವ ಪರೀಕ್ಷೆಗಳು ಮಾತ್ರ ನಮ್ಮ ಹಿರಿಯರಿಗೆ ಅಪರಿಚಿತವಾದವಲ್ಲ. ಆಲಿಕೆಯಿಂದ ಸುರಿದ ರಾಶಿಯ ಇಳಿಜಾರು 30 ಡಿಗ್ರಿಯೊಳಗಿದ್ದರೆ ಉತ್ತಮ, 45 ದಾಟಿದರೆ ಕಷ್ಟ. ಇನ್ನೊಂದು, ಸೇರನ್ನು ತಟ್ಟಿ ತುಂಬುವ ಅಂಗಡಿಯ ವಿದ್ಯೆ. 1965ರಲ್ಲಿ ರಾಲ್ಫ್ ಕಾರ್ ಎಂಬಾತನು ಅದಕ್ಕೆ ಅಂಕೆಯ ರೂಪ ಕೊಟ್ಟನು. 100 ಮಿಲಿಲೀಟರಿನ ಗುರುತಿನವರೆಗೆ ಸಡಿಲವಾಗಿ ತುಂಬಿದ ಹುಡಿಯನ್ನು ಇಳಿಯದಾಗುವವರೆಗೆ ತಟ್ಟಬೇಕು. ಅದು 85ಕ್ಕೆ ನಿಂತರೆ ಯಂತ್ರಕ್ಕೆ ಹಾಕಬಹುದು. 65ಕ್ಕೆ ಕುಸಿದರೆ ಮತ್ತೆ ಗಂಜಿ ಕಾಯಿಸಬೇಕು.